ಅಪ್ಪಯ್ಯನಿಗೆ ಹೇಳದ ಸೂತಕ

ಶಂಕರನಾರಾಯಣರು ಕೊಪ್ಪದ ತಮ್ಮ ಮನೆಯಲ್ಲಿ ತೀರಿಕೊಂಡದ್ದು ೨೦೦೬ರ ಫೆಬ್ರುವರಿ ಆರು, ಸೋಮವಾರ. ಬೇಗಾರಿನಲ್ಲಿದ್ದ ಅಣ್ಣ ಅನಂತಕೃಷ್ಣರಿಗೆ ಯಾರೂ ಹೇಳಲಿಲ್ಲ. ಅವರಿಗೆ ಎಂಬತ್ತೊಂದು, ಹೃದಯಾಘಾತವಾಗಿ ಇನ್ನೂ ಹದಿನೆಂಟು ದಿನ. ಮನಸ್ಸಿಗೆ ನೋವಾಗುವ ಸುದ್ದಿ ಬೇಡ ಎಂದು ಡಾಕ್ಟರು ಎಚ್ಚರಿಸಿದ್ದರು. ಮಗ ಪ್ರಸಾದ ಬ್ಯಾಂಕಿನ ಕೆಲಸವೆಂದು ಹೇಳಿ ದಹನಕ್ಕೆ ಹೋಗಿಬಂದ.

ಸಾವನ್ನು ಮುಚ್ಚಿಡಬಹುದಿತ್ತು, ಸೂತಕವನ್ನಲ್ಲ. ಸುದ್ದಿ ತಿಳಿದವರು ಹತ್ತು ದಿನ ದೇವರನ್ನು ಮುಟ್ಟುವಂತಿಲ್ಲ. ಪ್ರಸಾದ ಸೊಂಟನೋವೆಂದ, ಪೂಜೆಗೆ ಪಕ್ಕದ ಮನೆಯ ಹರಿಹರ ಭಟ್ಟರು ಬಂದರು. ಸೊಸೆ ಭಾರ್ಗವಿ ಬೇರೇನೂ ತೋಚದೆ, ಮುಟ್ಟಾಗಿದ್ದೇನೆ ಎಂದಳು.

ಗುರುವಾರದಿಂದ ಅನಂತಕೃಷ್ಣರು ಗಂಜಿಯನ್ನು ಅರ್ಧಕ್ಕೇ ಬಿಡತೊಡಗಿದರು. ಶುಕ್ರವಾರ ಬೆಳಿಗ್ಗೆ ಭಾರ್ಗವಿ ಮಾತ್ರೆ ಕೊಡಲು ಹೋದಾಗ ಅವರ ನಾಡಿ ಓಡುತ್ತಿತ್ತು.

"ಮಹಿಮಾ ಎಲ್ಲಿದ್ದಾಳೆ?" ಎಂದರು. ಮಹಿಮಾ ಅವರ ಹಿರಿಮಗನ ಮಗಳು, ಶಿವಮೊಗ್ಗದಲ್ಲಿ ಓದುತ್ತಿದ್ದಳು.

"ಹಾಸ್ಟೆಲಲ್ಲಿ, ಮಾವ."

"ಫೋನ್ ಮಾಡು. ದನಿ ಕೇಳ್ಬೇಕು."

"ಈಗ ಕ್ಲಾಸಲ್ಲಿರ್ತಾಳೆ."

"ಅವಳೇನಾ ಹಾಗಾದ್ರೆ?"

"ಎಂತ, ಮಾವ?"

"ಸೊಂಟನೋವಿನವನು ಮೊನ್ನೆ ಅಕ್ಕಿ ಮೂಟೆ ಹೊತ್ತ. ನೀನು ಮುಟ್ಟಂತೆ, ಒಲೆ ಮುಂದೆ ನಿಂತು ಅಡುಗೆ ಮಾಡ್ತೀಯ. ನಿಂಗೆ ಐವತ್ತಾರು ವರ್ಷ, ಮಾರಾಯ್ತಿ! ಇದು ಸೂತಕ ಅಂತ ಬುಧವಾರವೇ ಗೊತ್ತಾಯ್ತು. ಯಾರದ್ದು ಅಂತ ಗೊತ್ತಾಗ್ಲಿಲ್ಲ. ಇಲ್ಲಿ ಕೂತು ಒಬ್ಬೊಬ್ಬರನ್ನೇ ಸಾಯಿಸಿ ನೋಡ್ತಿದ್ದೇನೆ."

ಅವರ ತುಟಿ ಬಿಳಿಚಿತ್ತು. ಪ್ರಸಾದ ಅಂಗಳದಲ್ಲಿದ್ದ, ಕರೆದು ಕೇಳುವಷ್ಟು ಹೊತ್ತಿಲ್ಲ ಎನ್ನಿಸಿತು ಭಾರ್ಗವಿಗೆ. ನಾಲಿಗೆಯಡಿ ಇಡುವ ಮಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಅವರ ಮಣಿಕಟ್ಟು ಹಿಡಿದಳು.

"ಮಹಿಮಾ ಅಲ್ಲ, ಮಾವ. ಕೊಪ್ಪದ ಚಿಕ್ಕಮಾವ."

ಅವರು ಗೋಡೆ ನೋಡಿದರು. ಭಾರ್ಗವಿ ಅವರ ಉಸಿರು ಎಣಿಸುತ್ತಿದ್ದಳು.

"ಯಾವತ್ತು?"

"ಸೋಮವಾರ."

ಬೆರಳು ಮಡಿಚಿದರು. "ಇವತ್ತೂ ಸೇರಿ ಆರು ದಿನ ಉಳೀತು ನಂಗೆ. ಹಂಡೆಯಲ್ಲಿ ನೀರು ಬಿಸಿ ಇದೆಯಾ?"

"ಸ್ನಾನ ಈಗ್ಲೇ ಬೇಡ, ಮಾವ. ಡಾಕ್ಟರು..."

"ಡಾಕ್ಟರ ತಮ್ಮ ಅಲ್ಲ ಸತ್ತದ್ದು."

ಪ್ರಸಾದ ಬಂದು ಕಂಬ ಹಿಡಿದು ನಿಂತ. ಬಯ್ಯುತ್ತಾರೆಂದುಕೊಂಡಿದ್ದ. ಅವರು ಬಯ್ಯಲಿಲ್ಲ; ಬಚ್ಚಲಿಗೆ ಹೋಗಲು ಅವನ ಹೆಗಲಿಗೆ ಕೈ ಹಾಕಿದರು. ಮೈಗೆ ನೀರು ಸುರಿಯುವಾಗ ಎರಡು ಸಲ ತಡೆದು ಉಸಿರಾಡಿದರು. ಆಸ್ಪತ್ರೆಗೆ ಹೋಗಲು ಶೃಂಗೇರಿಯಿಂದ ಜೀಪು ಕರೆಸಲೇ ಎಂದು ಪ್ರಸಾದ ಕೇಳಿದ್ದಕ್ಕೆ ತಲೆಯಾಡಿಸಿ ಬೇಡವೆಂದರು. ಒರೆಸಿಕೊಂಡು ಕುರ್ಚಿಯಲ್ಲಿ ಕೂತ ಮೇಲೆ ಕೇಳಿದ್ದು ಒಂದೇ:

"ಅವತ್ತು ಬೆಳಿಗ್ಗೆ ಏನಾದ್ರೂ ತಿಂದಿದ್ನಾ ಅವನು?"

ಪ್ರಸಾದನಿಗೆ ಗೊತ್ತಿರಲಿಲ್ಲ. ದಹನಕ್ಕೆ ಹೋದವನು ಅದನ್ನು ಕೇಳಿರಲಿಲ್ಲ. ಕೊಪ್ಪಕ್ಕೆ ಫೋನ್ ಮಾಡಿದ. ಶಂಕರನಾರಾಯಣರ ಹೆಂಡತಿ ತ್ರಿಪುರಸುಂದರಿಯೇ ಎತ್ತಿಕೊಂಡರು. ಅನಂತಕೃಷ್ಣರು ರಿಸೀವರಿಗೆ ಕೈ ಚಾಚಿದರು.

"ನಾನು."

"ಹೇಳ್ಬಿಟ್ರಾ ನಿಮಗೆ, ಭಾವ?" ಆಚೆಯ ಅಳು ಪ್ರಸಾದನಿಗೂ ಕೇಳಿಸಿತು.

"ಹೇಳಿದ್ರು. ನೀನು ನಿಂತ್ಕೊಂಡಿದ್ದೀಯಾ? ಕೂತ್ಕೋ. ಈಗ ಅವತ್ತು ಬೆಳಿಗ್ಗೆಯಿಂದ ಹೇಳು."