ಖಾಲಿ ಕೋಶಗಳ ಒಡತಿ

ದ್ವೇಷ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದಾರೆ. ಹೇಳಿಲ್ಲವೇ? ಹಾಗಾದರೆ ಆ ಹಿರಿಯರು ನಮ್ಮ ಪ್ರಕಾಶನದ ಲೆಕ್ಕದ ಕೋಣೆಗೆ ಬಂದಿರಲಿಲ್ಲ, ಅಷ್ಟೆ. ಇಲ್ಲಿ ಕೋಶವೆಂದರೆ ನಿಘಂಟಲ್ಲ, ಕಂಪ್ಯೂಟರಿನ ಹಾಳೆಯಲ್ಲಿರುವ ಚೌಕ. ಈ ಕಥೆ ಅಕ್ಷರಶಃ ನಿಜ. ಕರಡು ತಿದ್ದಿ ಬದುಕುವ ನಾನು ಅಕ್ಷರದ ವಿಷಯದಲ್ಲಿ ಸುಳ್ಳು ಹೇಳಲಾರೆ.

ಪ್ರಕಾಶನ ಒಂದೇ ಮನೆಯವರದ್ದು. ಯಜಮಾನರು, ಅವರ ಹಿರಿಸೊಸೆ, ಅವರ ಕಿರಿಮಗ. ಸೊಸೆ ಇಡೀ ಕಚೇರಿಗೇ ಅತ್ತಿಗೆ. ಹಾಗಾಗಿ ಮಗ ಎಲ್ಲರ ಬಾಯಲ್ಲೂ ಮೈದುನ. ಲೇಖಕರ ರಾಯಲ್ಟಿಯ ಹಾಳೆ ಮೊದಲಿನಿಂದಲೂ ಅತ್ತಿಗೆಯ ಕೈಯಲ್ಲಿತ್ತು. ರಾಯಲ್ಟಿ ತಡವಾದರೂ ಕೇಳಲು ಬಂದವರಿಗೆ ರಾಯಲ್ ಟೀ ತಕ್ಷಣ ಸಿಗುತ್ತಿದ್ದುದರಿಂದ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಅಷ್ಟರಲ್ಲಿ ಮೈದುನ ರಾಯಲ್ಟಿ ಲೆಕ್ಕಕ್ಕೆಂದೇ ಹೊಸ ಸಾಫ್ಟ್‌ವೇರ್ ತಂದ. ಅತ್ತಿಗೆಯ ಹಾಳೆಯನ್ನು ತಿದ್ದಿ ತೀಡಿ ಅದರೊಳಗೆ ತುಂಬುತ್ತೇನೆ, ಆಮೇಲೆ ಈ ಕೋಣೆ ನನಗೇ ಇರಲಿ ಎಂದ.

ಯಜಮಾನರು ಪ್ರತಿ ಮಾತಿಗೂ ಕೆಮ್ಮಿನ ಅಲ್ಪವಿರಾಮ ಹಾಕುವವರು. "ಒಂದೂ ತಪ್ಪಿಲ್ದೆ... ಖ್ಹೆ... ಒಳಗೆ ಹೋದ್ರೆ ಕೋಣೆ ನಿಂದು. ಇಲ್ದಿದ್ರೆ... ಖ್ಹೆ... ಅವಳದ್ದು. ಸೋತೋರು ಗೋದಾಮಿಗೆ."

ಗೋದಾಮೆಂದರೆ ಮಾರಾಟವಾಗದೆ ವಾಪಸು ಬಂದ ಪುಸ್ತಕಗಳ ಕಟ್ಟು, ಗೋಡೆಗೆ ಮುಖ ಮಾಡಿದ ಕಿಟಕಿ, ಗೆದ್ದಲು. ಅತ್ತಿಗೆಗೆ ಧೂಳೆಂದರೆ ಉಬ್ಬಸ.

ಮೈದುನ ಹಾಳೆ ತೆರೆದವನೇ ಮೂಗು ಮುರಿದ. "ಇದು ಹಾಳೆಯಲ್ಲ ಅತ್ತಿಗೆ, ಹಾಳು."

"ಕಾಮಾಲೆ ಕಣ್ಣಿಗೆ ಎಲ್ಲಾ ಹಾಳೇ ಕಾಣೋದು ಬಿಡಪ್ಪ."

"ಲೇಖಕರ ಹೆಸರು ಒಂದ್ಸಲ ಬರೆದು ಕೆಳಗೆಲ್ಲ ಖಾಲಿ ಬಿಟ್ಟಿದ್ದೀರಲ್ಲ, ಈ ಪುಸ್ತಕಗಳಿಗೆ ಅಪ್ಪ ಅಮ್ಮ ಇಲ್ವಾ?"

"ಮೇಲಿರೋರದ್ದೇ ಕೆಳಗಿಂದೂ. ಮನುಷ್ಯರಾಗಿದ್ರೆ ಅರ್ಥ ಆಗುತ್ತೆ."

ಯಂತ್ರಕ್ಕೆ ಆಗುವುದಿಲ್ಲ. ಪ್ರತಿ ಸಾಲಿನಲ್ಲೂ ಲೇಖಕರ ಹೆಸರು, ಅವರ ಪಾಲು ಇರಲೇಬೇಕು. ಮೈದುನ ಅದಕ್ಕೊಂದು ಉಪಾಯ ಕಲಿತು ಬಂದಿದ್ದ: ಖಾಲಿ ಕೋಶಗಳನ್ನೆಲ್ಲ ಒಟ್ಟಿಗೆ ಹಿಡಿದು ಒಂದು ಗುಂಡಿ ಒತ್ತಿದರೆ ಮೇಲಿನ ಕೋಶದಲ್ಲಿರುವುದೇ ಕೆಳಗೂ ಇಳಿಯುತ್ತದೆ. "ಒಂದೇ ಏಟು! ಸಾಫ್ಟ್‌ವೇರ್‌ನೊಳಗೆ ಆಮದಿಗೆ ರೆಡಿ," ಎಂದು ಕೈ ಝಾಡಿಸಿದ.

"ಅದು ಆಮದಲ್ಲ ಕಣಪ್ಪ, ಆ ಮದ," ಎಂದು ಅತ್ತಿಗೆ ಟೀ ಕುಡಿಯಲು ಎದ್ದು ಹೋದರು.

ನಾನು ಕಿಸಕ್ಕೆಂದೆ. ಮೈದುನನಿಗೆ ಅದು ನಾಟಿತು. ಏಟು ಕೊಡುವ ಮೊದಲು ಹಾಳೆಯಲ್ಲಿ ಹೊಸದೊಂದು ಸಾಲು ಸೇರಿಸಿದ. ಲೇಖಕಿ: ಅತ್ತಿಗೆ. ಪುಸ್ತಕ: 'ಬಾಯಿ ಬಡಿಯುವ ಕಲೆ'. ಪಾಲು: ನೂರಕ್ಕೆ ನೂರು. "ನಾಳೆ ಅಪ್ಪನ ಮುಂದೆ ಇದನ್ನ ತೆರೀತೀನಿ, ಅತ್ತಿಗೆ ಮುಖ ನೋಡು. ಆಮೇಲೆ ಅಳಿಸಿದ್ರಾಯ್ತು," ಎಂದು ನನಗೆ ಕಣ್ಣು ಹೊಡೆದು ಗುಂಡಿ ಒತ್ತಿದ.

ಮರುದಿನ ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಹಾಳೆ ಗಟಗಟನೆ ಸಾಫ್ಟ್‌ವೇರ್‌ನೊಳಗೆ ಇಳಿಯಿತು. ಪರದೆಯ ಮೇಲೆ ಹಸಿರು ಅಕ್ಷರ: ತಪ್ಪುಗಳಿಲ್ಲ.

"ಕೋಣೆ... ಖ್ಹೆ... ನಿಂದೇ ಕಣೋ."

ಅತ್ತಿಗೆ ಮೇಜಿನ ಖಾನೆ ಎಳೆದು ಕನ್ನಡಕದ ಡಬ್ಬಿ, ಉಬ್ಬಸದ ಪಂಪು, ಬಾಚಣಿಗೆ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದರು. ಗೆದ್ದವನು ಅಲ್ಲಿಗೇ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಅವನು ಮೈದುನ ಹೇಗಾದಾನು?

"ತಡೀರಿ ಅತ್ತಿಗೆ! ಅಪ್ಪ, ನಮ್ಮಲ್ಲಿ ಹೊಸ ಲೇಖಕಿ ಒಬ್ರು ಹುಟ್ಟಿದ್ದಾರೆ. ನೋಡಿ."

ಪುಟ ತೆರೆಯಿತು. 'ಬಾಯಿ ಬಡಿಯುವ ಕಲೆ'. ಅದರ ಕೆಳಗೆ 'ರಕ್ತದ ರಸೀದಿ'. ಅದರ ಕೆಳಗೆ 'ಹೆಣ ಸೀನಿತು'. 'ಚಾಕುವಿಗೆ ಚಳಿ'. ಪುಟ ಇಳಿಯುತ್ತಲೇ ಇತ್ತು, ಮೈದುನನ ಮುಖವೂ.

ಯಜಮಾನರು ಪರದೆಗೆ ಮೂಗು ತಾಗಿಸಿದರು. "ಇವೆಲ್ಲ... ಖ್ಹೆ... ಪತ್ತೇದಾರಿ ತಾತನ ಕಾದಂಬರಿ ಅಲ್ವೇನೋ?"

ಹೌದು, ತಾತನೆಂದರೆ ನಮ್ಮ ಹಿರಿಯ ಪತ್ತೇದಾರಿ ಲೇಖಕರು; ನಮ್ಮನ್ನೆಲ್ಲ ಸಾಕುತ್ತಿದ್ದ ಕಾದಂಬರಿಗಳು ಅವರವೇ. ಮೈದುನ ತನ್ನ ಚೇಷ್ಟೆಯ ಸಾಲನ್ನು ತೂರಿಸಿದ್ದು ತಾತನ ಹೆಸರಿದ್ದ ಮೊದಲ ಸಾಲಿಗೂ ಅದರ ಕೆಳಗಿನ ಖಾಲಿ ಕೋಶಗಳಿಗೂ ನಡುವೆ. ಏಟು ಬಿದ್ದಾಗ ಆ ಕೋಶಗಳಿಗೆಲ್ಲ ಇಳಿದದ್ದು ತಾತನ ಹೆಸರಲ್ಲ, ಅತ್ತಿಗೆಯ ಹೆಸರು. ಜೊತೆಗೆ ನೂರಕ್ಕೆ ನೂರು ಪಾಲು.

"ಸಾಫ್ಟ್‌ವೇರ್ ತಪ್ಪಿಲ್ಲ ಅಂದಿತ್ತಲ್ಲ ಅಪ್ಪ..."

"ಅದಕ್ಕೆ ನಿನ್ನ ಕುಚೇಷ್ಟೆ ಗೊತ್ತಾಗುತ್ತೇನೋ? ತಗೋ ಗೋದಾಮಿನ ಬೀಗದ ಕೈ!" ಸಿಟ್ಟಿನಲ್ಲಿ ಯಜಮಾನರಿಗೆ ಕೆಮ್ಮೇ ಮರೆತುಹೋಗಿತ್ತು.

ಅತ್ತಿಗೆ ಕನ್ನಡಕ ಏರಿಸಿ ಪರದೆಯ ಮೊದಲ ಸಾಲನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು. "ಬಾಯಿ... ಬಡಿಯುವ... ಕಲೆ." ಇನ್ನೇನು ಸಿಡಿಲು ಬಡಿಯಿತೆಂದು ನಾನು ಕರಡಿನ ಹಿಂದೆ ಅವಿತೆ. ಯಜಮಾನರ ಭುಜ ಮೊದಲು ಕುಲುಕಿತು, ಆಮೇಲೆ ನನಗೂ ತಡೆಯಲಾಗಲಿಲ್ಲ.

"ಅಲ್ವೋ ಮೈದುನ," ಎಂದರು ಅತ್ತಿಗೆ, "ಇಷ್ಟೊಂದು ಕೊಲೆ ನನ್ನ ಕೈಲಿ ಮಾಡಿಸಿದ್ದೀಯ, ಒಂದ್ರಲ್ಲಾದ್ರೂ ನೀನು ಸಾಯ್ಬಾರ್ದಿತ್ತಾ?"

ಅಷ್ಟಂದು ಅವರು ಮೇಜು ಬಡಿದು, ಪಂಪನ್ನು ಹುಡುಕಬೇಕಾಗುವಷ್ಟು ನಕ್ಕರು. ಕೆಳಗಿನ ಮುದ್ರಣಶಾಲೆಯವರು ಯಂತ್ರ ನಿಲ್ಲಿಸಿ ಏನು ಕೆಟ್ಟಿತೆಂದು ಕೇಳಲು ಮೇಲೆ ಬಂದರು.