ಎರಡು ಗಂಟೆಗೆ ಬನ್ನಿ ಅಂದರೆ

ಮೈಸೂರಿನವರು ಬೆಂಗಳೂರಿಗೆ ಬರುವುದೇ ಬೈಯುವುದಕ್ಕೆ. ನಾನೂ ಸಿದ್ಧಳಾಗಿಯೇ ಬಂದಿದ್ದೆ. ಕೃಷ್ಣರಾಜಪುರದಲ್ಲಿ ರೈಲು ಇಳಿದು ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹತ್ತಿದ ಮೇಲೆ ಅದಕ್ಕೆ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಬಸ್ಸು ನಿಂತಲ್ಲೇ ನಿಂತಿತ್ತು. ಅಷ್ಟು ಹೊತ್ತಿನಲ್ಲಿ ನಮ್ಮೂರಿನಲ್ಲಾದರೆ ಬೆಟ್ಟ ಹತ್ತಿ ಇಳಿದು ಮನೆಗೆ ಬಂದು ಅನ್ನಕ್ಕೆ ಇಡಬಹುದಿತ್ತು. ಹಾಗೆಂದು ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಹೇಳಿದೆ. ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು, ನಕ್ಕು, ಮತ್ತೆ ಸಿಕ್ಕಿಸಿಕೊಂಡಳು. ನಮ್ಮೂರಿನ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ನಾನು ಯಾರ ಮನೆಯವಳು, ಎಲ್ಲಿಗೆ ಹೊರಟೆ, ಯಾಕೆ ಒಬ್ಬಳೇ ಎಂಬುದೆಲ್ಲ ವಿಚಾರಣೆಯಾಗಿರುತ್ತಿತ್ತು.

ನಾನು ಬಂದದ್ದು ಅಂಗಡಿ ನೋಡುವುದಕ್ಕೆ. ಮೈಸೂರಿನ ಅಶೋಕಪುರಂನಲ್ಲಿ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಬೋರ್ಡಿನ ಮೇಲೆ ‘ರಾಮಣ್ಣ ಲೇಡೀಸ್ ಟೈಲರ್ಸ್’ ಎಂದಿದೆ. ಅಣ್ಣನಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಆದರೆ ಕೋಣೆ ಅವನದು, ಬೋರ್ಡೂ ಅವನದು. ಹಾಗಾಗಿ ಬೀದಿಗೆಲ್ಲ ನಾನು ರಾಮಣ್ಣನ ತಂಗಿ. ಈಗ ಅವನ ಮಗನಿಗೆ ಮದುವೆ ಗೊತ್ತಾಗಿ, ಆ ಕೋಣೆ ಹೊಸ ಜೋಡಿಗೆ ಬೇಕಾಗಿದೆ. ಮಷೀನನ್ನು ಅಡುಗೆಮನೆಯ ಪಕ್ಕಕ್ಕೆ ಹಾಕಿಕೋ, ಗಿರಾಕಿಗಳು ಹಿತ್ತಿಲ ಬಾಗಿಲಿಂದ ಬರಲಿ ಎಂದ. ಪಾಪ, ಪ್ರೀತಿಯಿಂದಲೇ ಹೇಳಿದ. ನನಗೆ ಮಾತ್ರ ಅಳು ಬಂತು.

ಆಗ ಫೋನ್ ಮಾಡಿದವಳು ಸಂಘಮಿತ್ರಾ, ನನ್ನ ಚಿಕ್ಕಮ್ಮನ ಮಗಳು, ಜೀವನ್ ಬಿಮಾ ನಗರದಲ್ಲಿರುವವಳು. ಹಲಸೂರಿನಲ್ಲಿ ಒಂದು ಪುಟ್ಟ ಅಂಗಡಿ ಖಾಲಿಯಾಗಿದೆ, ಮೇಲಿನ ಮನೆಯಲ್ಲೇ ಓನರ್ ಯಶೋದಮ್ಮ ಇದ್ದಾರೆ, ಶನಿವಾರ ಎರಡು ಗಂಟೆಗೆ ಬರಹೇಳಿದ್ದಾರೆ ಎಂದಳು. ಸುಮ್ಮನೆ ಒಂದು ಸಲ ನೋಡಿಕೊಂಡು ಬರುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಸುಮ್ಮನೆ ಏನಲ್ಲ. ಇದು ಸಿಗದಿದ್ದರೆ ಉಳಿದ ಆಯಸ್ಸೆಲ್ಲ ನಾನು ಹಿತ್ತಿಲಿನವಳೇ. ಕತ್ತಿನ ಸರ ಸೆರಗಿನಲ್ಲಿ ಮುಚ್ಚಿಕೋ, ಯಾರನ್ನೂ ನಂಬಬೇಡ ಎಂದು ಅಣ್ಣ ಹೇಳಿ ಕಳಿಸಿದ.

ಶುಕ್ರವಾರ ರಾತ್ರಿ ಸಂಘಮಿತ್ರಾಳ ಮನೆಯಲ್ಲಿ ಉಳಿದೆ. ಶನಿವಾರ ಬೆಳಗ್ಗೆ ಅವಳು ನನ್ನನ್ನು ಶಿವಾಜಿನಗರಕ್ಕೆ ಕರೆದುಕೊಂಡು ಹೋದಳು. ಗಲೀಜು, ಗದ್ದಲ, ನಮ್ಮ ದೇವರಾಜ ಮಾರುಕಟ್ಟೆಯ ಮಲ್ಲಿಗೆಯ ಮುಂದೆ ಇದೆಂಥ ಮಲ್ಲಿಗೆ ಎಂದು ನಾನು ಶುರುಮಾಡಿದೆ. ಆಮೇಲೆ ಲೈನಿಂಗ್ ಬಟ್ಟೆಯ ಅಂಗಡಿ ಹೊಕ್ಕೆವು. ಮೈಸೂರಿನಲ್ಲಿ ನಾನು ಮರೂನ್ ಕೇಳಿದರೆ, ಅಂಗಡಿಯವನು ಇದ್ದುದನ್ನು ಕೊಟ್ಟು ಇದೇ ಮರೂನ್ ಎಂದು ನನ್ನನ್ನು ಒಪ್ಪಿಸುತ್ತಾನೆ. ಇಲ್ಲಿ ಮರೂನಿಗೇ ಒಂದು ಗೋಡೆ ಇತ್ತು. ನಾನು ಮಾತು ನಿಲ್ಲಿಸಿ ಬಟ್ಟೆ ಮುಟ್ಟಿ ನೋಡುತ್ತ ನಿಂತೆ. ಮೈಸೂರು ಎಲ್ಲಿ ಹೋಯಿತು ಎಂದು ಸಂಘಮಿತ್ರಾ ರೇಗಿಸಿದಳು.

ಊಟ ಮುಗಿಸಿ ಹಲಸೂರು ಸೇರುವಾಗ ಇನ್ನೇನು ಎರಡು ಗಂಟೆ. ದೇವಸ್ಥಾನದ ಹಿಂದಿನ ಸಣ್ಣ ಬೀದಿ, ತರಕಾರಿ ಗಾಡಿಗಳು, ತಮಿಳು ಕನ್ನಡ ಎರಡರಲ್ಲೂ ನಡೆಯುವ ಚೌಕಾಸಿ. ಅಂಗಡಿಯ ಷಟರ್ ಹಸಿರು ಬಣ್ಣದ್ದು. ನೋಡಿದ ತಕ್ಷಣ ನನ್ನ ಮಷೀನು ಎಲ್ಲಿ ಕೂರುತ್ತದೆಂದು ಲೆಕ್ಕ ಹಾಕಿಬಿಟ್ಟೆ. ಆದರೆ ಮೆಟ್ಟಿಲು ಹತ್ತಲು ಮಾತ್ರ ಒಪ್ಪಲಿಲ್ಲ. ಮೈಸೂರಿನಲ್ಲಿ ಆ ಹೊತ್ತಿಗೆ ಅಂಗಡಿಗಳೇ ಷಟರ್ ಎಳೆದುಕೊಂಡು ನಿದ್ದೆ ಮಾಡುತ್ತವೆ. ಎರಡು ಗಂಟೆಗೆ ಬನ್ನಿ ಎಂದರೆ ಅದು ಬಾಯಿಮಾತು. ಮನೆಯವರು ಮಲಗಿ ಎದ್ದು ಮುಖ ತೊಳೆದ ಮೇಲೆ ಹೋಗುವುದು ಮರ್ಯಾದೆ.

“ಅಕ್ಕ, ಇದು ಮೈಸೂರಲ್ಲ. ಲೇಟಾದ್ರೆ ಅಂಗಡಿ ಕೈಬಿಟ್ಟು ಹೋಗತ್ತೆ” ಎಂದಳು ಸಂಘಮಿತ್ರಾ.

ವಯಸ್ಸಾದವರ ನಿದ್ದೆ ಕೆಡಿಸಿ ಅಂಗಡಿ ಕೇಳುವವಳು ನಾನಲ್ಲ ಎಂದೆ. ಎದುರಿನ ಕಾಫಿ ಅಂಗಡಿಯ ಕಟ್ಟೆಯ ಮೇಲೆ ಕೂತೆವು.

ಅಲ್ಲಿ ಕೂತಾಗಲೇ ನನಗೆ ವಿಚಿತ್ರವೆನಿಸತೊಡಗಿದ್ದು. ಯಾರೂ ನಮ್ಮನ್ನು ನೋಡಲಿಲ್ಲ. ಇಬ್ಬರು ಹೆಂಗಸರು ಕೆಲಸವಿಲ್ಲದೆ ಬೀದಿಯಲ್ಲಿ ಕೂತಿದ್ದರೂ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಅಶೋಕಪುರಂನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅಣ್ಣನಿಗೆ ಫೋನ್ ಹೋಗಿರುತ್ತಿತ್ತು. ಮೊದಲು ಅವಮಾನವೆನಿಸಿತು. ಎರಡನೇ ಕಾಫಿಯ ಹೊತ್ತಿಗೆ ಹಾಯೆನಿಸಿತು. ಕಾಲು ಚಾಚಿ ಕೂತೆ.

ಅಷ್ಟರಲ್ಲಿ ಮೊಬೈಲ್ ಕವರುಗಳ ದೊಡ್ಡ ಚೀಲ ಹಿಡಿದ ಒಬ್ಬ ಯಶೋದಮ್ಮನ ಮೆಟ್ಟಿಲು ಹತ್ತಿದ. ಇಳಿದು ಬರುವಾಗ ಅವನ ಮುಖದ ತುಂಬ ನಗು. ಷಟರನ್ನು ಒಮ್ಮೆ ತಟ್ಟಿ ಹೋದ. ಸಂಘಮಿತ್ರಾ ನನ್ನ ಕಡೆ ನೋಡಲೇ ಇಲ್ಲ. ಅಂಗಡಿ ಕೈತಪ್ಪಿತೆಂದೇ ಅಂದುಕೊಂಡೆ. ಆದರೂ ಏಳಲಿಲ್ಲ, ಮರ್ಯಾದೆಗಿಂತ ಈಗ ಹಟವೇ ಹೆಚ್ಚಾಗಿತ್ತು.

ಸ್ಕೂಟರಿನಿಂದ ಇಳಿಯುವಾಗ ಬುರ್ಖಾದ ಅಂಚು ಸಿಕ್ಕಿ ಹರಿದುಕೊಂಡ ಹುಡುಗಿಯೊಬ್ಬಳು ನಮ್ಮ ಮುಂದೆಯೇ ನಿಂತು ಪೇಚಾಡುತ್ತಿದ್ದಳು. ರಿಮ್ಶಾ ಅಂತೆ, ಇಂಟರ್‌ವ್ಯೂಗೆ ಹೊರಟಿದ್ದಳಂತೆ. ದಾರ ಪೋಣಿಸಿದ ಸೂಜಿ ನನ್ನ ಸೆರಗಿನ ಒಳಗೆ ಯಾವಾಗಲೂ ಇರುತ್ತದೆ. ಅವಳನ್ನು ಕಟ್ಟೆ ಹತ್ತಿಸಿ ನಿಲ್ಲಿಸಿ ಹೊಲಿದುಕೊಟ್ಟೆ.

“ನಿಮ್ ಅಂಗಡಿ ಎಲ್ಲಿ ಆಂಟಿ?” ಎಂದು ಕೇಳಿದಳು.

ನನ್ನ ಕೈ ನನ್ನನ್ನು ಕೇಳದೆ ಹಸಿರು ಷಟರನ್ನು ತೋರಿಸಿತು. ಅವಳು ಹೋದ ಮೇಲೆ ಭಯವಾಯಿತು. ಅಂಗಡಿ ನನಗೆ ಎಷ್ಟು ಬೇಕಾಗಿದೆಯೆಂದು ಆಗ ತಿಳಿಯಿತು.

ನಾಲ್ಕಕ್ಕೆ ಮೇಲೆ ಹೋದೆವು. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಯಶೋದಮ್ಮನ ಮುಖದಲ್ಲಿ ನಿದ್ದೆಯ ಗುರುತೂ ಇರಲಿಲ್ಲ. ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು.

“ಎರಡು ಗಂಟೆ ಅಂದ್ರೆ ಎರಡು ಗಂಟೆ ಕಣಮ್ಮ. ಡಿಕಾಕ್ಷನ್ ಆರಿ ತಣ್ಣಗಾಯ್ತು” ಎಂದರು.

ನೀವು ಮಲಗಿರುತ್ತೀರಿ ಎಂದುಕೊಂಡೆವು ಎಂದು ಹೇಳುವಾಗ ನನ್ನ ದನಿ ಸಣ್ಣದಾಯಿತು. ಹಗಲು ಮಲಗುವ ಅಭ್ಯಾಸವೇ ತಮಗಿಲ್ಲವೆಂದರು. ಕಿಟಕಿಯಲ್ಲಿ ಕೂತು ಅಷ್ಟು ಹೊತ್ತೂ ನಮ್ಮನ್ನೇ ನೋಡಿದರಂತೆ. ಕಾಫಿಗಳನ್ನೂ, ಕಾಲು ಚಾಚಿದ್ದನ್ನೂ, ಬುರ್ಖಾ ಹೊಲಿದದ್ದನ್ನೂ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಆ ಮೊಬೈಲ್ ಕವರಿನವನಿಗೆ ಮಾತು ಕೊಟ್ಟಿರಾ ಎಂದು ಸಂಘಮಿತ್ರಾ ಕೇಳಿದಳು.

“ಮೂರಕ್ಕೆ ಅಂದಿದ್ದೆ, ಟೈಮಿಗೇನೋ ಸರಿಯಾಗಿ ಬಂದ. ಓನರ್ ಸಾರ್ ಇಲ್ವಾ ಅಂದ. ನಾನೇ ಓನರ್ ಅಂದೆ. ಹಾಗಲ್ಲಮ್ಮ, ಗಂಡಸ್ರು ಯಾರಾದ್ರೂ ಇದ್ರೆ ಮಾತಾಡ್ತೀನಿ ಅಂದ. ಸೋಮವಾರ ಮಗ ಬರ್ತಾನೆ, ಬಾಪ್ಪ ಅಂತ ಕಳಿಸ್ದೆ.” ಯಶೋದಮ್ಮ ಹೊಸ ಡಿಕಾಕ್ಷನ್ನಿಗೆ ನೀರಿಡುತ್ತ ಹೇಳಿದರು. “ನನಗಿರೋರು ಇಬ್ಬರೂ ಹೆಣ್ಣುಮಕ್ಕಳು.”

ಕಾಫಿ ಬಂತು. ಚೆನ್ನಾಗಿತ್ತು, ಮೈಸೂರಿನದಕ್ಕಿಂತ ಚೆನ್ನಾಗಿತ್ತು. ಅದನ್ನು ನಾನು ಹೇಳಲಿಲ್ಲ. ಬೋರ್ಡಿಗೆ ಏನು ಬರೆಸುತ್ತೀಯ ಎಂದು ಯಶೋದಮ್ಮ ಕೇಳಿದರು. ಇಪ್ಪತ್ತು ವರ್ಷದ ಅಭ್ಯಾಸ, ನಾಲಿಗೆ ರಾಮಣ್ಣನ ಕಡೆಗೇ ಹೋಯಿತು. ಕಚ್ಚಿಕೊಂಡೆ.

“ನಿನ್ ಹೆಸ್ರೇನಮ್ಮ?”

“ನಂದಿತಾ” ಎಂದೆ. ಹೊರಗಿನವರೊಬ್ಬರು ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ ನೆನಪಿಲ್ಲ. ಅವರು ಅದನ್ನು ಇನ್ನೊಮ್ಮೆ ಹೇಳಿ ನೋಡಿ, ಬೋರ್ಡಿಗೆ ಸರಿಹೋಗುತ್ತದೆ ಎಂದರು. ನನ್ನ ಕಣ್ಣು ತುಂಬಿತು. ಬೆಂಗಳೂರಿನವರ ಮುಂದೆ ಅಳುವುದೇ? ಲೋಟ ಕೆಳಗಿಟ್ಟು ನನ್ನದೂ ಒಂದು ಷರತ್ತು ಇದೆಯೆಂದೆ.

“ಮಧ್ಯಾಹ್ನ ಎರಡರಿಂದ ನಾಲ್ಕು ನಾನು ಷಟರ್ ಎಳೀತೀನಿ. ಮಲಗಬೇಕು.”

ಯಶೋದಮ್ಮ ಮೊಳೆಯಿಂದ ಬೀಗದ ಕೈ ತೆಗೆದು ನನ್ನ ಮುಂದಿಟ್ಟರು.

“ಎಳ್ಕೊ. ಅಂಗಡಿ ನಿಂದು, ಷಟರೂ ನಿಂದೇ.”