ಇಪ್ಪತ್ತಕ್ಕೆ ಹದಿನೇಳು

ಮಗು ಬದುಕಿದೆ ಎಂದು ಬರೆಯಲು ನಮೂನೆಯಲ್ಲಿ ಜಾಗವೇ ಇರಲಿಲ್ಲ. ಸತ್ತ ದಿನ, ಸತ್ತ ವೇಳೆ, ಮಲಗಿಸಿದ್ದ ಭಂಗಿ ಎಲ್ಲಕ್ಕೂ ಒಂದೊಂದು ಚೌಕವಿತ್ತು. ಮೂರು ತಿಂಗಳು ತಲೆ ಕೆಡಿಸಿಕೊಂಡು ಅದನ್ನು ತಯಾರಿಸಿದವನು ತಾನೇ ಎಂಬುದು ನೆನಪಾಗಿ ಡಾಕ್ಟರಿಗೆ ನಗು ಬಂತು. ಎದುರಿಗೆ ಕೂತಿದ್ದ ತಾಯಿ ನಗಲಿಲ್ಲ.

ಕಾರಣವೇ ಇಲ್ಲದೆ ನಿದ್ದೆಯಲ್ಲಿ ಉಸಿರು ನಿಂತುಹೋಗಬಹುದಾದ ಕೂಸುಗಳನ್ನು ಹುಟ್ಟಿದ ದಿನವೇ ಗುರುತಿಸುವುದು ಅವನ ವಿದ್ಯೆ. ತೂಕ ಕಡಿಮೆಯೇ, ತಿಂಗಳು ತುಂಬುವ ಮುಂಚೆ ಹುಟ್ಟಿತೇ, ಮನೆಯಲ್ಲಿ ಸಿಗರೇಟು ಸೇದುವವರುಂಟೇ, ಹೀಗೆ ಪ್ರತಿಯೊಂದಕ್ಕೂ ಅಂಕ. ಒಟ್ಟು ಇಪ್ಪತ್ತು. ಹನ್ನೆರಡು ದಾಟಿದರೆ ಫೈಲಿನ ಮೇಲೆ ಕೆಂಪು ಚೀಟಿ. ಕಳೆದ ವರ್ಷ ಹನ್ನೊಂದು ಚೀಟಿ ಅಂಟಿಸಿದ್ದ. ಹನ್ನೊಂದೂ ಗುಂಡುಕಲ್ಲಿನ ಹಾಗೆ ಬೆಳೆದವು. ಸತ್ತದ್ದು ಒಂದೇ. ಅದಕ್ಕೆ ಅವನು ಕೊಟ್ಟಿದ್ದು ಎರಡು ಅಂಕ.

'ಸಂಖ್ಯೆ ಇನ್ನೂ ಸಾಲದು' ಎಂದು ವರದಿಯಲ್ಲಿ ಬರೆದ. ಯಾವುದರ ಸಂಖ್ಯೆ ಎಂದು ಯಾರೂ ಕೇಳಲಿಲ್ಲ, ಸದ್ಯ.

ಈಗ ತಾಯಿಯ ಮಡಿಲಲ್ಲಿದ್ದ ಈ ಹೆಣ್ಣುಕೂಸಿಗೆ ಹದಿನೇಳು. ಅದು ದಾಖಲೆ. ಇವತ್ತಿಗೆ ಮಗುವಿಗೆ ವರ್ಷ ತುಂಬಿತ್ತು.

"ಒಳ್ಳೇ ಸುದ್ದಿ ಕಣಮ್ಮ. ವರ್ಷ ದಾಟ್ತಲ್ಲ, ಇನ್ನು ಹೆದರೋದೇನಿಲ್ಲ."

"ಏನಿಲ್ಲ ಅಂದ್ರೆ?"

"ಏನೂ ಇಲ್ಲ ಅಂತ."

"ಹಾಗಾದ್ರೆ ಆವಾಗ ಏನಿತ್ತು ಡಾಕ್ಟ್ರೇ?"

ಅವನು ಸುಮ್ಮನೆ ಒಂದು ಹಾಳೆ ತಿರುವಿದ. "ಸಾಧ್ಯತೆ ಇತ್ತು."

ಅವಳ ಬಲಗೈ ನಿದ್ದೆಹೋಗಿದ್ದ ಮಗುವಿನ ಎದೆಯ ಮೇಲಿತ್ತು. ಒಳಗೆ ಬಂದಾಗಿನಿಂದ ಅಲ್ಲೇ ಇತ್ತು.

"ಕೈ ತೆಗೆದ್ರೆ ಎದ್ಬಿಡ್ತಾಳೆ. ಮೊದಲು ನಾನೂ ನಮ್ಮೆಜಮಾನ್ರೂ ಸರದಿ ಮೇಲೆ ಇಡ್ತಿದ್ವಿ. ಅವರು ಎಂಟು ತಿಂಗಳು ನೋಡಿ ಅವರ ಅಕ್ಕನ ಮನೆಗೆ ಹೋಗ್ಬಿಟ್ರು. ಅಲ್ಲಿ ನಿದ್ದೆ ಬರುತ್ತಂತೆ."

"ಅಂಗಾತ ಮಲಗಿಸಿ, ದಿಂಬು ಬೇಡ, ಮನೇಲಿ ಯಾರೂ ಸಿಗರೇಟು ಸೇದಬಾರ್ದು ಅಂದಿದ್ದೆ. ಕೈ ಇಟ್ಕೊಂಡಿರಿ ಅಂತ ಹೇಳಿರ್ಲಿಲ್ವಲ್ಲ."

"ಹದಿನೇಳು ಅಂದಿದ್ರಿ."

ಮಗುವಿಗೆ ಮೂರು ತಿಂಗಳಾಗಿದ್ದಾಗ ಅವಳು ಒಮ್ಮೆ ಫೋನ್ ಮಾಡಿ, ಉಸಿರು ಕಾಣುತ್ತಿಲ್ಲ ಎಂದು ಅತ್ತಿದ್ದಳು. ಆಗ ಅವನ ಕೈ ಮೊದಲು ಹೋದದ್ದು ಆಂಬುಲೆನ್ಸಿನ ನಂಬರಿಗಲ್ಲ, ನಮೂನೆಗೆ. ಇದೊಂದಾದರೂ ಲೆಕ್ಕಕ್ಕೆ ಸಿಕ್ಕಿತು, ಎಂದುಕೊಂಡಿದ್ದ. ಅಷ್ಟರಲ್ಲಿ ಫೋನಿನಾಚೆ ಮಗು ಸೀನಿತು. 'ದೇವರು ದೊಡ್ಡವನು' ಎಂದು ಗಟ್ಟಿಯಾಗಿ ಹೇಳಿದ್ದ. ದೇವರನ್ನು ನಂಬದವನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂದಿತ್ತು! ಮನುಷ್ಯರಿಗೂ ಅಂಕ ಕೊಡುವ ಪದ್ಧತಿ ಇದ್ದಿದ್ದರೆ ತನ್ನ ಹಣೆಯ ಮೇಲೆ ಯಾವ ಬಣ್ಣದ ಚೀಟಿ ಬೀಳುತ್ತಿತ್ತೋ.

"ಒಂಚೂರು ಕೈ ಇಟ್ಟಿರ್ತೀರಾ?" ಎಂದಳು. "ಮುಖ ತೊಳ್ಕೊಂಡು ಬರ್ತೀನಿ."

ಮಗುವನ್ನು ಪರೀಕ್ಷೆಯ ಮಂಚದ ಮೇಲೆ ಮಲಗಿಸಿ, ಅವನ ಕೈ ಬರುವವರೆಗೆ ಕಾದು, ತನ್ನ ಕೈ ತೆಗೆದಳು. ಸಾವಿರಾರು ಕೂಸುಗಳನ್ನು ತೂಗಿದ್ದ, ಅಳೆದಿದ್ದ. ಸುಮ್ಮನೆ ಕೈ ಇಟ್ಟದ್ದು ಇದೇ ಮೊದಲು. ಎರಡು ನಿಮಿಷಕ್ಕೆ ಸಾಕೆನಿಸಿ ಎತ್ತಿದ. ಮಗು ಮುಖ ಕಿವಿಚಿತು. ಗಾಬರಿಯಿಂದ ಮತ್ತೆ ಇಟ್ಟ.

ನರ್ಸ್ ಇಣುಕಿದಳು. "ಸರ್, ಆ ಅಮ್ಮ ಆಚೆ ಬೆಂಚಿನ ಮೇಲೆ ಮಲಗಿಬಿಟ್ಟಿದಾರೆ. ಎಬ್ಬಿಸ್ಲಾ?"

"ಬೇಡ."

"ಇನ್ನೂ ಒಂಬತ್ತು ಜನ ಕಾಯ್ತಿದಾರೆ. ನಾನು ಇಟ್ಟಿರ್ಲಾ ಕೈ?"

"ಬೇಡ ಅಂದ್ನಲ್ಲ."

ಅವಳು ವಿಚಿತ್ರವಾಗಿ ನೋಡಿ ಹೊರಟುಹೋದಳು. ಬಾಗಿಲು ಅರ್ಧ ತೆರೆದೇ ಉಳಿಯಿತು. ಬೆಂಚಿನ ಮೇಲೆ ತಾಯಿ ಬಾಯಿ ತೆರೆದು ನಿದ್ದೆಹೋಗಿದ್ದಳು. ಅವಳ ಬಲಗೈ ಬೆಂಚಿನ ಹಲಗೆಯ ಮೇಲೆ ಮೆತ್ತಗೆ, ಭಾರ ಹಾಕದೆ, ಹರಡಿಕೊಂಡಿತ್ತು.

ಅವನ ಕೈಗೆ ಜೋಮು ಹಿಡಿಯಿತು. ಮೊದಲು ಬೆರಳು, ಆಮೇಲೆ ಅಂಗೈ. ಅಡಿಯಲ್ಲಿ ಎದೆ ಏರುತ್ತಿದೆಯೋ ಇಲ್ಲವೋ ತಿಳಿಯದಾಯಿತು. ಬಗ್ಗಿ ನೋಡಿದರೆ ಗೊತ್ತಾಗುತ್ತಿತ್ತು. ಅವನು ನೋಡಲಿಲ್ಲ. ಬಾಗಿಲ ಕಡೆಗೇ ಮುಖ ಮಾಡಿ, ತನ್ನದಲ್ಲದ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತ.